ದೋಣಿ ಶಾಖೆಗೆ ಊದಿದ ಶಂಖ

ಮಾ,

ನಿನ್ನ ಪಾದಗಳಿಗೆ ನಿನ್ನ ಮಗಳು ಝುಮು ಮಾಡುವ ನಮಸ್ಕಾರ.

ಕೋಲ್ಕತ್ತಾದಲ್ಲಿ ಬೆಳಗಿನ ಮಂಜು ಇನ್ನೂ ಕರಗಿಲ್ಲ. ಕಚೇರಿಯ ಕಿಟಕಿಯಾಚೆ ಗಂಗೆ ಹೊದ್ದು ಮಲಗಿದ್ದಾಳೆ. ಎಲ್ಲೋ ಒಂದು ಲಾಂಚು ಕೂಗಿದರೆ ಸಾಕು, ನಮ್ಮೂರ ನದಿಘಾಟಿನ ಕೆಸರು ಅಂಗಾಲಿಗೆ ತಾಗಿದಂತಾಗುತ್ತದೆ. ಎದುರಿಗೆ ಇಡೀ ಬ್ಯಾಂಕಿನ ಲೆಕ್ಕ ಹರಡಿಕೊಂಡು ಕೂತಿದ್ದೇನೆ, ಮನಸ್ಸು ಮಾತ್ರ ಉಬ್ಬರದ ನೀರಿನಲ್ಲಿ ತೇಲುತ್ತಿದೆ.

ಈ ಚಳಿಗಾಲದಲ್ಲಿ ನನಗೆ ಕೊಟ್ಟ ಕೆಲಸ ಏನು ಗೊತ್ತಾ? ಇಷ್ಟು ದೊಡ್ಡ ಸರ್ಕಾರಿ ಬ್ಯಾಂಕು ಎಲ್ಲಿ ಲಾಭ ಮಾಡುತ್ತದೆ, ಎಲ್ಲಿ ಸೋರುತ್ತದೆ ಎಂದು ಹುಡುಕುವುದು. ಸೋರುವ ಜಾಗ ಬೇಗನೇ ಕಂಡಿತು. ದೊಡ್ಡ ಕಾರ್ಖಾನೆಯವರು ತೆಗೆದುಕೊಂಡ ಸಾಲ ವಾಪಸ್ ಬರುವುದಿಲ್ಲ. ಜನರ ಠೇವಣಿಗೆ ಕೊಡುವ ಬಡ್ಡಿಗೂ ಸಾಲದಿಂದ ಬರುವ ಬಡ್ಡಿಗೂ ನಡುವೆ ಉಳಿಯುವುದನ್ನೆಲ್ಲ ಆ ಒಂದೇ ಬಿಲ ನುಂಗುತ್ತದೆ. ಆದರೆ ಮುಚ್ಚಬೇಕೆಂದು ಮೊದಲು ಗುರುತು ಹಾಕಿದ್ದು ಯಾವುದಕ್ಕೆ? ಘಾಟಿನಿಂದ ಘಾಟಿಗೆ ತೇಲಿ ಬರುವ ನಮ್ಮ ದೋಣಿ ಶಾಖೆಗೆ, ನೀರಿನ ಮೇಲಿನ ಆ ಪುಟ್ಟ ಬ್ಯಾಂಕಿಗೆ!

ಸಿಟ್ಟು ನೆತ್ತಿಗೇರಿತು. ಮೇಲಧಿಕಾರಿ ನಿರ್ಮಾಲ್ಯ ಬಾಬು ಮುಂದೆ ಹೋಗಿ ನಿಂತೆ. "ಸಾಹುಕಾರ್ರು ಮುಳುಗಿಸಿದ್ರೆ ಪರಿಸ್ಥಿತಿ ಅಂತೀರಿ, ಬಡವರ ದೋಣಿ ಡೀಸೆಲ್ ಕುಡಿದ್ರೆ ದಂಡ ಅಂತೀರಾ?" ಅಂದೆ. ಅವರು ಕನ್ನಡಕ ಒರೆಸಿಕೊಂಡು, "ದೊಡ್ಡವರದ್ದು ಕೋರ್ಟಲ್ಲಿದೆಯಮ್ಮಾ. ನೀನು ಇದನ್ನ ನೋಡು. ಅಷ್ಟು ಘಾಟ್ ಸುತ್ತುತ್ತೆ, ಅಷ್ಟು ಜನ ಹತ್ತುತ್ತಾರೆ, ಠೇವಣಿ ಮಾತ್ರ ಇಲ್ವೇ ಇಲ್ಲ. ನಿಮ್ಮೂರಿನವರು ದೋಣಿ ಹತ್ತಿ ಮಾಡ್ತಾರಾದ್ರೂ ಏನು?" ಅಂದರು.

ನನಗೆ ಗೊತ್ತಿಲ್ಲವೇ ಮಾ! ಉಬ್ಬರ ಏರಿ ದೋಣಿ ನದಿಯ ತಿರುವಿನಲ್ಲಿ ಕಂಡ ಕೂಡಲೇ ನೀನು ಓಡಿಹೋಗಿ ಶಂಖ ಊದುತ್ತೀಯ. ಸೋದರತ್ತೆ ಮಿನತಿ ಪಿಸಿ ಬೆಲ್ಲದ ಪುರಿ ಉಂಡೆ ಕಟ್ಟಿಕೊಂಡು ಬರುತ್ತಾಳೆ. ಎಲ್ಲರೂ ಒಳ್ಳೆಯ ಸೀರೆ ಉಟ್ಟು, ದೋಣಿಯೊಳಗಿನ ಫ್ಯಾನಿನ ಕೆಳಗೆ ಕೂತು, ಗುಮಾಸ್ತ ಪರಿಮಲ ಬಾಬು ಮಗಳ ಮದುವೆ ಸುದ್ದಿ ಕೇಳಿ, ಖಾಲಿ ಪಾಸ್‌ಬುಕ್ಕಿಗೆ ಒಂದು ಮುದ್ರೆ ಹಾಕಿಸಿಕೊಂಡು ಇಳಿಯುತ್ತೀರಿ. ದುಡ್ಡು? ಅದು ಅಡುಗೆಮನೆಯ ಬಿದಿರು ಕಂಬದ ಟೊಳ್ಳಿನಲ್ಲಿ! ನೆಂಟನಿಗೆ ಎಲ್ಲ ಉಪಚಾರ ಮಾಡಿ, ಎಲೆ ಮುಂದೆ ಕೂರಿಸಿ, ಅನ್ನವನ್ನೇ ಬಡಿಸದ ಊರು ನಮ್ಮದು.

ಹಿಂದೊಮ್ಮೆ ನಾನು ಕೇಳಿದ್ದಕ್ಕೆ ನೀನು ಸಿಡುಕಿದ್ದೆ. "ನೀರ ಮೇಲೆ ಹೋಗೋದಕ್ಕೆ ನನ್ನದು ಅಂತ ಇನ್ನೇನೂ ಕೊಡಲ್ಲ ಕಣೇ. ಒಂದ್ಸಲ ಕೊಟ್ಟಿದ್ದು ಸಾಕು." ಅಪ್ಪ, ನಮ್ಮ ಬಾಬಾ, ಏಡಿ ಹಿಡಿಯಲು ಹೋದ ದೋಣಿ ಆ ತಿರುವು ದಾಟಿ ಹಿಂದಿರುಗಲಿಲ್ಲ. ಬಾಬಾನ ದೋಣಿ ಕಂಡಾಗಲೂ ನೀನು ಹೀಗೇ ಓಡಿಹೋಗಿ ಊದುತ್ತಿದ್ದೆ. ಬ್ಯಾಂಕಿನ ದೋಣಿ ಬಂದಾಗ ನೀನು ನಿಜವಾಗಿ ಯಾರಿಗೆ ಊದುತ್ತೀಯ ಎಂದು ನನಗೆ ಗೊತ್ತು ಮಾ. ಹೇಳಿರಲಿಲ್ಲ, ಅಷ್ಟೇ. ಆ ದನಿ ಈಗಲೂ ಕನಸಿನಲ್ಲಿ ಕೇಳುತ್ತದೆ. ಕನಸಿನಲ್ಲಿ ದೋಣಿ ಪ್ರತಿ ಸಲ ಬರುತ್ತದೆ.

ನಿರ್ಮಾಲ್ಯ ಬಾಬು ಮಾರ್ಚ್ ತನಕ ಬಿಟ್ಟಿದ್ದಾರೆ. ಅಷ್ಟರಲ್ಲಿ ಠೇವಣಿ ಏರದಿದ್ದರೆ ದೋಣಿ ಬರುವುದು ನಿಲ್ಲುತ್ತದೆ, ನಿನ್ನ ಶಂಖ ಗೂಡಿನಲ್ಲೇ ಉಳಿಯುತ್ತದೆ. ನನಗೆ ಅದನ್ನು ನೆನೆಯಲೂ ಆಗುವುದಿಲ್ಲ. ಅದಕ್ಕೇ ಕೇಳು, ಹಠಮಾರಿ. ನಿನ್ನ ದುಡ್ಡು ದೋಣಿಯಲ್ಲಿ ಉಳಿಯುವುದಿಲ್ಲ, ಸಂಜೆಗೆ ದಡ ಸೇರುತ್ತದೆ. ಬ್ಯಾಂಕು ಅದನ್ನು ಯಾರದೋ ಅಂಗಡಿಗೆ, ಯಾರದೋ ಬಲೆಗೆ ಸಾಲ ಕೊಡುತ್ತದೆ. ನಾವು ಲಾಭ ಎನ್ನುವುದು ಅದನ್ನೇ. ಆ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಈ ಕಿಟಕಿಯ ಪಕ್ಕದ ಮೇಜಿನ ಮೇಲೆ, ನನ್ನ ಕಣ್ಣ ಮುಂದೆ.

ಮುಂದಿನ ಉಬ್ಬರಕ್ಕೆ ಬಿದಿರು ಸೀಳಿ ದೋಣಿ ಹತ್ತು. ನೀನು ಹತ್ತಿದರೆ ಮಿನತಿ ಪಿಸಿ ಬರುತ್ತಾಳೆ, ಆಮೇಲೆ ಊರೇ ಬರುತ್ತದೆ. ನೀನು ಕಟ್ಟಿದ ಹಣ ಇಲ್ಲಿನ ಲೆಕ್ಕದಲ್ಲಿ ಕಂಡ ದಿನ, ಈ ಕಿಟಕಿಯಲ್ಲಿ ನಿಂತು ನಾನು ಶಂಖ ಊದುತ್ತೇನೆ. ನಿರ್ಮಾಲ್ಯ ಬಾಬು ಬೈದರೆ ಬೈಯಲಿ. ನೀನು ನೀರಿಗೆ ಕೊಟ್ಟದ್ದು ಈ ಸಲ ದಡ ಸೇರಿರುತ್ತದೆ ಮಾ.

ಉಬ್ಬರ ಇಳಿತಗಳು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ದಾರಿ ಕಾಯುತ್ತಿರುವ,
ಝುಮು