ಕುಡುಕರ ಕೂಟ ಹುಡುಕಿದ್ದು

ಬಸವನ ಬಾಗೇವಾಡಿ, ರವಿವಾರ, 1976

ತೀರ್ಥರೂಪ ಅಣ್ಣನಿಗೆ ಚಂದವ್ವನ ನಮಸ್ಕಾರ.

ಕುಡಿತ ಬಿಡಬೇಕೆನ್ನುವವರು ಇಲ್ಲಿ ವಾರಕ್ಕೊಮ್ಮೆ ಸೇರುತ್ತಾರೆಂದು ಕೇಳಿ, ನಮ್ಮ ಮನೆಯವರನ್ನು ತಾಂಬಾದಿಂದ ಎಳೆದು ತಂದೆ. ಜಾಗ ಹುಡುಕುವಷ್ಟರಲ್ಲಿ ಜೀವ ಸಾಕಾಯಿತು. "ಕುಡುಕರ ಕೂಟ ಎಲ್ಲೈತ್ರಿ?" ಎಂದರೆ ಮೂರು ಮಂದಿ ಸಾರಾಯಿ ಅಂಗಡಿಯನ್ನೇ ತೋರಿಸಿದರು!

ಕಡೆಗೆ ಇವತ್ತು ಶಮಶುದ್ದೀನನೆಂಬ ದರ್ಜಿಯ ಅಂಗಡಿಯಲ್ಲಿ ಸಿಕ್ಕಿತು. ಹೊಲಿಗೆ ಯಂತ್ರದ ಸುತ್ತ ಐದು ಮಂದಿ ಗಂಡಸರು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ "ನಾ ಕುಡುಕ" ಎನ್ನುತ್ತಾರೆ, ಯಾರೂ ನಗುವುದಿಲ್ಲ.

ಇವರ ಪಾಳಿ ಬಂತು. "ನಾ ಬರೇ ಇಕೀನ್ನ ಕರ್ಕೊಂಡ ಬಂದೇನ್ರಿ" ಎಂದು ಕೂತುಬಿಟ್ಟರು! ಎಲ್ಲರೂ ನನ್ನ ಕಡೆ ತಿರುಗಿದರು. ಶಮಶುದ್ದೀನ ನೀರು ಕೊಟ್ಟು, "ನಾಚಬ್ಯಾಡ್ರಿ ಅವ್ವಾ, ಎಷ್ಟ ವರ್ಷದಿಂದ ಕುಡೀತೀರಿ?" ಎಂದ. ಸಿಟ್ಟಿಗೆ ಅತ್ತುಬಿಟ್ಟೆ. ಅದನ್ನು ನೋಡಲಾರದೆ ಇವರೇ ಎದ್ದರು. "ಆಕೀನ್ನ ಕೇಳಬ್ಯಾಡ್ರಿ. ಕುಡಿಯಾಂವ ನಾನ. ಒಂಬತ್ತ ವರ್ಷ ಆತ್ರಿ."

ಮದುವೆಯಾದಾಗಿನಿಂದ ಆ ಮಾತು ಇವರ ಬಾಯಿಂದ ಬಂದದ್ದು ಇದೇ ಮೊದಲು. ಆದರೂ ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡರು.

ಇಲ್ಲಿ ಇವರ ಸೋದರತ್ತೆ ಹುಚ್ಚವ್ವನ ಮನೆಯಲ್ಲಿದ್ದೇವೆ. ಊರಿಗೆ ಬಂದು ನಾಲ್ಕು ದಿನ, ಇವರು ಕುಡಿಯದೆಯೂ ನಾಲ್ಕು ದಿನವಾಯಿತು. ಇವರ ಕೈ ಇನ್ನೂ ನಡುಗುತ್ತದೆ, ಆದರೆ ನುಚ್ಚು ಮಜ್ಜಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿದೆ. ನನಗೆ ತಲೆನೋವು ಬಿಟ್ಟರೆ ಎಲ್ಲ ಸರಿ.

ಶುಕ್ರವಾರ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತೇನೆ ಎಂದಿದ್ದೀಯಲ್ಲ, ಬರಬೇಡ. ಬರುವ ರವಿವಾರ ಮೊದಲು ಮಾತಾಡುವ ಪಾಳಿ ಇವರದೇ. ಅದನ್ನು ಪೂರ್ತಿ ಕೇಳದೆ ನಾನು ಈ ಊರು ಬಿಡುವವಳಲ್ಲ.

ಕಾರ್ಡಿನಲ್ಲಿ ಜಾಗವಿಲ್ಲ. ಅವ್ವನಿಗೆ ಓದಿ ಹೇಳು.

ನಿನ್ನ ತಂಗಿ,
ಚಂದವ್ವ