ನಾಲ್ಕನೇ ಸಾಲಿನ ಗುರುತು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದಗಳು. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಇತ್ತು ಎಂದರೆ ನೀನು ನಂಬುವುದಿಲ್ಲ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಮೆಟ್ಟಿಲು ಹತ್ತುವಾಗ ನನ್ನನ್ನು ಬೈಯುವಷ್ಟು ಉಸಿರು ಈಗ ಉಳಿಯುತ್ತದೆ. ಅಲ್ಲಿ ನೀನು ದಿನಕ್ಕೆ ಎಷ್ಟು ಸಲ ಸಮುದ್ರಕ್ಕಿಳಿಯುತ್ತೀಯ, ನಿನ್ನ ಬಳಿ ಎಷ್ಟು ಜನ ಕಲಿಯುತ್ತಿದ್ದಾರೆ, ಎಲ್ಲ ಬರೆ.

ಇಲ್ಲಿ ನಮ್ಮ ಡೈವಿಂಗ್ ಶಾಲೆಯ ಸುದ್ದಿ ಚೆನ್ನಾಗಿಲ್ಲ. ಪಾಠದ ವಿಷಯದಲ್ಲಿ ನನಗೂ ನಿನ್ನ ಮಾಮನಿಗೂ ಎಂದೂ ಹೊಂದಿಲ್ಲ. ಮಾಸ್ಕ್ ಕಳಚಿ ಮತ್ತೆ ಹಾಕಿಕೊಳ್ಳುವುದು, ಜೊತೆಯವರ ಸಿಲಿಂಡರಿನಿಂದ ಉಸಿರಾಡುವುದು, ಎಲ್ಲವನ್ನೂ ಕೈ ತಾನಾಗಿಯೇ ಮಾಡುವವರೆಗೆ ಈಜುಕೊಳದಲ್ಲೇ ಮಾಡಿಸಬೇಕು, ಆಮೇಲೆ ಸಮುದ್ರ ಎನ್ನುವವನು ನಾನು. "ನೀವು ಭಯ ಕಲಿಸ್ತೀರಿ ಭಾವ. ನೀರಲ್ಲಿ ಜೀವ ತೆಗೆಯೋದೇ ಗಾಬರಿ. ಮೊದಲು ಖುಷಿಯಾಗಿ ಇಳೀಲಿ, ಉಳಿದದ್ದು ತಾನಾಗಿ ಬರುತ್ತೆ" ಎನ್ನುವವನು ಅವನು. ಅಮ್ಮನ ತಮ್ಮನೆಂದು ಇಷ್ಟು ವರ್ಷ ಸುಮ್ಮನಿದ್ದೆ.

ಜನವರಿಯಲ್ಲಿ ಒಬ್ಬ ಟೈಲರಮ್ಮ ಮಾಮನ ತಂಡಕ್ಕೆ ಸೇರಿದರು. ಐವತ್ತೆರಡು ವಯಸ್ಸು. "ಊರವರ ಅಳತೆಯೆಲ್ಲ ತೆಗೆದಾಯ್ತು, ಇನ್ನು ಸಮುದ್ರದ್ದು ತೆಗೀತೀನಿ" ಎಂದು ನಗುತ್ತಾ ಬಂದವರು. ಸಮುದ್ರದಲ್ಲಿ ಮೊದಲ ದಿನವೇ, ಹತ್ತು ಮೀಟರ್ ಆಳದಲ್ಲಿ, ಯಾರದೋ ಕಾಲು ತಾಗಿ ಅವರ ಮಾಸ್ಕಿಗೆ ನೀರು ತುಂಬಿತು. ಉಸಿರು ಬಿಗಿಹಿಡಿದು ನೇರ ಮೇಲಕ್ಕೆ ಹೊರಟರು. ಹಾಗೆ ಬಂದರೆ ಶ್ವಾಸಕೋಶ ಒಡೆಯಬಹುದೆಂದು ನಿನಗೆ ಹೇಳಬೇಕಿಲ್ಲ. ಮಾಮ ಅವರ ಕಾಲು ಹಿಡಿದೆಳೆದು, ಉಸಿರು ಬಿಡಿಸುತ್ತಾ ನಿಧಾನಕ್ಕೆ ಕರೆತಂದ. ಮೂಗಿನಲ್ಲಿ ರಕ್ತ, ಒಂದು ದಿನ ಆಸ್ಪತ್ರೆ. ಬದುಕಿಕೊಂಡರು.

ಅಂದು ಸಂಜೆ, ಈಜುಕೊಳದಲ್ಲಿ ಕಲಿತದ್ದಕ್ಕೆ ಮಾಮ ಗುರುತು ಹಾಕಿದ್ದ ಅವರ ಪರೀಕ್ಷೆಯ ಹಾಳೆ ತೆಗೆದೆ. ನಾಲ್ಕನೇ ಸಾಲು, ಮಾಸ್ಕ್ ಕಳಚಿ ಹಾಕುವುದು: ಸರಿ ಗುರುತು. ಹನ್ನೆರಡು ಸಾಲಿಗೂ ಒಂದೇ ಪೆನ್ನು, ಒಂದೇ ಓರೆ, ಒಂದೇ ಏಟಿಗೆ ಗೀಚಿದ ಹಾಗೆ. ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು. ಸಿಲಿಂಡರ್ ತುಂಬಿಸುವ ನೆಪದಲ್ಲಿ ಕಂಪ್ರೆಸರ್ ಕೋಣೆಯ ಕಿಟಕಿಯಲ್ಲಿ ನಿಂತು, ಕೊಳದಲ್ಲಿ ಯಾರು ಮಾಸ್ಕ್ ಕಳಚಿದರು, ಯಾರು ಕಳಚಲಿಲ್ಲ ಎಂದು ಕಳ್ಳನ ಹಾಗೆ ಎಣಿಸಿದೆ. ಮಾಮ ಫೋನಿನಲ್ಲಿ ದನಿ ತಗ್ಗಿಸಿದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಅವನಿಗೆ ಊಟ ಬಡಿಸುವ ಅಮ್ಮನ ಮುಖವನ್ನೂ ನೋಡಿದೆ, ಇವಳಿಗೂ ಗೊತ್ತಿರಬಹುದೇ ಎಂದು. ಒಂದು ವಾರದಲ್ಲಿ ಎಂಟು ಜನ ಕಲಿತರು. ಮೂವರು ಮಾಸ್ಕ್ ಮುಟ್ಟಲೇ ಇಲ್ಲ. ಗುರುತು ಮಾತ್ರ ಎಂಟೂ ಇದ್ದವು.

ಹಾಳೆಗಳನ್ನು ಅವನ ಮುಂದೆ ಹಾಕಿದೆ. ಅವನು ಸುಳ್ಳು ಹೇಳಲಿಲ್ಲ. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದರಿಂದ, ಇನ್ನೇನೋ ಮುಚ್ಚಿಡುತ್ತಿದ್ದಾನೆ ಎನಿಸಿತು.

"ಪರೀಕ್ಷೆಗೆ ನೀವು ಬರ್ತೀರಿ ಅಂತ ಗೊತ್ತಾಗಿ ಟೈಲರಮ್ಮ ಅತ್ತುಬಿಟ್ರು ಭಾವ. ನಿಮ್ಮ ಮುಂದೆ ಅವಮಾನ ಬೇಡ ಅಂತ ನೀವು ಬರೋ ಮೊದಲೇ ಎಲ್ಲಾ ಆಯ್ತು ಅಂತ ಗುರುತು ಹಾಕಿದೆ. ಆಮೇಲೆ ಮಾಡಿಸೋಣ ಅಂದ್ಕೊಂಡೆ, ಮಾಡಿಸ್ಲಿಲ್ಲ. ತಪ್ಪು ನಂದೇ."

"ಆಮೇಲೆ ಅಂದ್ರೆ ಯಾವಾಗ? ಸಮುದ್ರದ ತಳದಲ್ಲಾ?"

ಅವನು ಶಾಲೆಯ ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಹೋದ. ತಿಂಗಳಾಯಿತು. ಅಮ್ಮ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ.

ಹೋದ ವಾರ ಟೈಲರಮ್ಮ ಮತ್ತೆ ಬಂದರು. "ನಿಮ್ಮ ಹತ್ರ ಕಲಿಯೋಕೆ ಭಯ ಸಾರ್, ಅವರ ಹತ್ರ ಕಲಿತ್ರೆ ಜೀವಭಯ. ನಾನು ಎಲ್ಲಿಗೆ ಹೋಗ್ಲಿ?" ಅವರ ಜೊತೆ ಎದೆಮಟ್ಟದ ನೀರಿಗಿಳಿದು, ಮೊದಲು ನನ್ನ ಮಾಸ್ಕನ್ನೇ ಕಳಚಿದೆ. ಒಂಬತ್ತನೇ ಸಲಕ್ಕೆ ಅವರಿಗೆ ಬಂತು. ನಾನು ಒಂದು ಸಲವೂ ದನಿ ಏರಿಸಲಿಲ್ಲ. ಅದು ನನಗೇ ಹೊಸದು.

ಕಿವಿ ಕಟ್ಟಿದ ದಿನ ಯಾರು ಬಲವಂತ ಮಾಡಿದರೂ ನೀರಿಗಿಳಿಯಬೇಡ. ಹೊತ್ತುಹೊತ್ತಿಗೆ ಉಣ್ಣು. ಇಳಿದಷ್ಟು ಸಲವೂ ಸುಖವಾಗಿ ಮೇಲೆ ಬಾ, ಮಗಳೇ.

ನಿನ್ನ
ಅಪ್ಪ

ವಿ.ಸೂ.: ಬರೆಯಬಾರದೆಂದಿದ್ದೆ. ಮಾಮ ಎಂದಿನಿಂದ ಹೀಗೆ ಮಾಡುತ್ತಿದ್ದಾನೆ ಎಂದು ತಿಳಿಯಲು ಪರೀಕ್ಷೆಯ ಹಾಳೆಗಳ ಹಳೆಯ ಕಟ್ಟುಗಳನ್ನು ಬಿಚ್ಚಿದೆ. ಹನ್ನೊಂದು ವರ್ಷದ ಹಿಂದಿನ ಕಟ್ಟಿನಲ್ಲಿ ನಿನ್ನ ಹಾಳೆ ಸಿಕ್ಕಿತು. ಎಲ್ಲಕ್ಕೂ ಅದೇ ಓರೆ ಗುರುತು, ಕೆಳಗೆ ಅದನ್ನು ನಂಬಿ ಹಾಕಿದ ನನ್ನ ಸಹಿ. ಮಾಮನ ಮನೆಗೆ ಹೋಗಿ ಕೇಳಿದೆ. "ಅವಳನ್ನೇ ಕೇಳಿ ಭಾವ. ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ" ಎಂದು ಬಾಗಿಲಲ್ಲೇ ಹೇಳಿದ. ಪುಟ್ಟಿ, ಆಮೇಲಾದರೂ, ಯಾರ ಬಳಿಯಾದರೂ ಮಾಸ್ಕ್ ಕಳಚಿ ಹಾಕುವುದನ್ನು ಕಲಿತೆಯಾ? ಕಲಿತಿಲ್ಲವೆಂದರೆ ಬೈಯುವುದಿಲ್ಲ, ನಾನೇ ಅಲ್ಲಿಗೆ ಬರುತ್ತೇನೆ. ಕಲಿತಿದ್ದೇನೆ ಎಂದು ನೀನು ಬರೆದರೆ, ನನಗೆ ಹೆದರಿ ಹಾಗೆ ಬರೆದೆಯೇನೋ ಎಂದು ಆ ಕಾಗದವನ್ನು ಮತ್ತೆ ಮತ್ತೆ ಓದುತ್ತಾ ಕೂರುತ್ತೇನೆ.