ಸಿಪಿಯೆಲ್ಲ ಅತ್ತೆಯ ಪಾಲು

ಪಾಂಗೈ, ಹಾಪೈ
12 ಜೂನ್ 1999, ಶನಿವಾರ

ಪ್ರೀತಿಯ ನೈತೆ,

ನೀನು, ಮಗಳು, ಮತ್ತು ನಾನಿನ್ನೂ ಮುಖ ನೋಡದ ಆ ಮೊಮ್ಮಗಳು ಚೆನ್ನಾಗಿದ್ದೀರೆಂದು ಭಾವಿಸುತ್ತೇನೆ. ನಿನ್ನ ಮೂರು ಕಾಗದಗಳಿಗೆ ಒಂದಕ್ಕೂ ಉತ್ತರ ಬರೆಯದ ಗಂಡನನ್ನು ಆಕ್ಲೆಂಡಿನಲ್ಲಿ ಕುಳಿತು ಎಷ್ಟು ಬೈದಿರುವೆಯೋ, ಅಷ್ಟಕ್ಕೂ ಈ ಮುದುಕ ಯೋಗ್ಯ. ಮೊದಲ ಕಾಗದ ಬಂದಾಗ ತಮ್ಮನ ಮಗಳ ಮದುವೆಯ ಗಲಾಟೆ. ಎರಡನೆಯದಕ್ಕೆ ಶಾಯಿ ಮುಗಿದಿತ್ತು. ಮೂರನೆಯದಕ್ಕೆ ನೆಪ ಹುಡುಕುವುದರಲ್ಲೇ ಎರಡು ವಾರ ಹೋಯಿತು.

ಮಗು ಹುಟ್ಟುವಾಗಲೇ ನಾಲ್ಕೂವರೆ ಕಿಲೋ ಇತ್ತೆಂದು ಬರೆದಿದ್ದೆಯಲ್ಲ, ಆ ಸಾಲನ್ನು ಕೊಬ್ಬರಿ ಮಂಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ವಂಶದ ಕೂಸು ಎಂದು ಎಲ್ಲರೂ ಬೆನ್ನು ತಟ್ಟಿದರು. ನರ್ಸ್ ಸೇಯಿನಿ ಮಾತ್ರ, "ತಾಯಿಗೆ ಸಕ್ಕರೆ ಪರೀಕ್ಷೆ ಮಾಡಿಸಿದ್ದಾರಾ ಕೇಳಿ," ಎಂದಳು. ಆ ಹುಡುಗಿಗೆ ಸಂತೋಷದ ಸುದ್ದಿ ಹೇಳುವುದೆಂದರೆ ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗೆ. ಆದರೂ ಮಾಡಿಸು.

ನೀನು ಹೊರಟ ವಾರವೇ ಈ ಸೇಯಿನಿ ನಮ್ಮ ಊರಿಗೆ ಮತ್ತೆ ಬಂದದ್ದು ನಿನಗೆ ನೆನಪಿರಬೇಕು, ಕಳೆದ ವರ್ಷ ಎರಡು ತಿಂಗಳು ಇದ್ದು ಹೋಗಿದ್ದಳಲ್ಲ, ಅವಳೇ. ಮೀನಿನ ಮುಳ್ಳಿನಂಥ ಮೈ. ಬಂದವಳೇ ಊರ ಸಭೆ ಕರೆದು, ದಪ್ಪಗಿರುವುದು ಒಂದು ಕಾಯಿಲೆ, ಅದು ಊರಿಗೆ ಊರನ್ನೇ ಹಿಡಿದಿದೆ ಎಂದು ಘೋಷಿಸಿದಳು. ಸಭೆ ಗಾಬರಿಯಿಂದ ನನ್ನ ಕಡೆ ನೋಡಿತು. ಮೂವತ್ತು ವರ್ಷ ಮಂಡಿಯಲ್ಲಿ ಕೊಬ್ಬರಿ ತೂಗಿದವನು ನಾನು. ಭಾರದ ವಿಷಯದಲ್ಲಿ ಊರಿಗೆ ನನಗಿಂತ ದೊಡ್ಡ ಪಂಡಿತನಿಲ್ಲ. ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ನರ್ಸಮ್ಮ, ನಮ್ಮನ್ನ ನೋಡಿದ್ರೆ ನಮ್ಮ ಮನೆಯೋರು ಚೆನ್ನಾಗಿ ನೋಡ್ಕೋತಾರೆ ಅಂತ ಗೊತ್ತಾಗುತ್ತೆ. ನಿಮ್ಮನ್ನ ನೋಡಿದ್ರೆ ನಿಮ್ಮ ಮನೆಯೋರ ಮೇಲೆ ಅನುಮಾನ ಬರುತ್ತೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಡಿದುಕೊಳ್ಳಲು ಎಲ್ಲರಿಗೂ ಸಾಕಷ್ಟು ಇತ್ತು. ಪಾದ್ರಿಗಳು ತಮ್ಮ ಅಜ್ಜನೂ ದಪ್ಪಗಿದ್ದು ತೊಂಬತ್ತು ಬದುಕಿದರೆಂದು ಸೇರಿಸಿದರು.

"ನಿಮ್ಮಜ್ಜ ಗೆಣಸು ಅಗೆದು ತಿಂದ್ರು, ನೀವು ಡಬ್ಬಿ ತೆಗೆದು ತಿಂತೀರಿ," ಎಂದಳು ಸೇಯಿನಿ. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನನ್ನ ಪುಸ್ತಕದಲ್ಲಿ ಈ ಊರಿನ ಹದಿನೇಳು ಜನರಿಗೆ ಸಕ್ಕರೆ ಕಾಯಿಲೆ. ಇವತ್ತು ಸಭೆಗೆ ಅವರಲ್ಲಿ ಎಷ್ಟು ಜನ ನಡ್ಕೊಂಡು ಬಂದ್ರಿ, ಎಷ್ಟು ಜನರನ್ನ ಹೊತ್ಕೊಂಡು ಬಂದ್ರಿ, ಅದನ್ನ ಒಂದ್ಸಲ ಎಣಿಸಿ ಸಾಕು."

ನಾನು ಮನಸ್ಸಿನಲ್ಲೇ ಎಣಿಸಿದೆ. ಹೊತ್ತು ತಂದದ್ದು ನಾಲ್ವರನ್ನು. ಅವರಲ್ಲೊಬ್ಬರು ನಮ್ಮ ಲೋಸಾ ಅತ್ತೆ.

ಅತ್ತೆಯ ಎಡಪಾದದ ಹುಣ್ಣನ್ನು ನೀನು ನೋಡಿದ್ದೆ, ಆಗ ಅದು ಗುಂಡಿಯಷ್ಟಿತ್ತು. ಏಪ್ರಿಲ್ ಕೊನೆಗೆ ರಾಜಧಾನಿಯಿಂದ ಬಂದ ವೈದ್ಯರು ನೋಡಿ, ಆರು ವಾರದಲ್ಲಿ ಆರದಿದ್ದರೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಗುತ್ತದೆ ಎಂದರು. ತೂಕ ಇಳಿಯಬೇಕು, ಕೊಬ್ಬು ನಿಲ್ಲಬೇಕು, ಔಷಧ ತಪ್ಪಬಾರದು. ಸೇಯಿನಿಯ ತಕ್ಕಡಿ ನೂರ ಮೂವತ್ತರವರೆಗೆ ಮಾತ್ರ. ಅತ್ತೆ ಹತ್ತಿದೊಡನೆ ಮುಳ್ಳು ಪೂರ್ತಿ ಒಂದು ಸುತ್ತು ಹೊಡೆದು ಸೊನ್ನೆಯ ಹತ್ತಿರ ಬಂದು ನಿಂತಿತು.

"ನೋಡಮ್ಮ, ನನ್ನ ತೂಕ ಏನೂ ಇಲ್ಲ," ಎಂದರು ಅತ್ತೆ.

ಕೊನೆಗೆ ನನ್ನ ಮಂಡಿಗೇ ಬರಬೇಕಾಯಿತು. ಕೊಬ್ಬರಿ ಮೂಟೆ ಇಡುವ ಹಲಗೆಯ ಮೇಲೆ ಮಹಾರಾಣಿಯ ಹಾಗೆ ನಿಂತರು. ನಾನು ಕಬ್ಬಿಣದ ಗುಂಡುಗಳನ್ನು ಒಂದೊಂದಾಗಿ ಇಟ್ಟೆ. ನೂರ ನಲವತ್ತೊಂಬತ್ತು. "ಎರಡೂವರೆ ಮೂಟೆ, ತೇವ ಕಳೆದು," ಎಂದೆ. ಅತ್ತೆ ನನ್ನ ಕಿವಿ ಹಿಂಡಿದರು. ಐವತ್ತೆಂಟು ವರ್ಷದವನ ಕಿವಿಯನ್ನು ಹಿಂಡುವ ಹಕ್ಕು ಈ ದ್ವೀಪದಲ್ಲಿ ಇನ್ಯಾರಿಗಿದೆ ಹೇಳು.

ತೊಂದರೆ ಇದ್ದದ್ದು ಆ ಹಕ್ಕಿನಲ್ಲೇ. ನಮ್ಮ ಅಪ್ಪನಿಗೆ ಅವರೊಬ್ಬರೇ ಅಕ್ಕ, ನಮಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಮೂರು ತಲೆಮಾರಿಗೂ ಅವರೊಬ್ಬರೇ ಫಹು. ಮದುವೆಯಾಗಲಿ, ಸಾವಾಗಲಿ, ಮನೆತನದಲ್ಲಿ ಎಲ್ಲರಿಗಿಂತ ಎತ್ತರದ ಚಾಪೆ ಅವರದು. ಮುಟ್ಟಿದ್ದೆಲ್ಲ ಅವರದು. ಅತಿ ದೊಡ್ಡ ಹಂದಿ, ಅತಿ ಕೊಬ್ಬಿದ ಸಿಪಿ ಅವರ ಮುಂದೆ. ಕುರಿಯ ಹೊಟ್ಟೆಯ ಆ ಕೊಬ್ಬಿನ ಪಟ್ಟಿಗಳನ್ನು ನ್ಯೂಜಿಲೆಂಡಿನವರು ತಾವು ತಿನ್ನದೆ ನಮಗೆ ಕಳಿಸುತ್ತಾರೆಂದು ನೀನು ಬರೆದಿದ್ದೆ. ಅವರಿಗೆ ರುಚಿ ಗೊತ್ತಿಲ್ಲ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.

ಮೇ ತಿಂಗಳ ಮದುವೆಯ ಹಿಂದಿನ ದಿನ ಸೇಯಿನಿ ಅತ್ತೆಯ ಹುಣ್ಣು ತೊಳೆಯುತ್ತಿದ್ದಾಗ ನಾನೂ ಅಲ್ಲಿದ್ದೆ.

"ಅತ್ತೆ, ನಾಳೆ ಬೇಡ ಅಂದುಬಿಡಿ," ಎಂದಳು.

"ಬೇಡ ಅನ್ನೋ ಹಾಗಿಲ್ಲ ಕಣಮ್ಮ. ಕೊಟ್ಟೋರ ಮುಖ ಸಣ್ಣಗಾಗುತ್ತೆ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ನನ್ನ ಅಧಿಕಾರ."

ಸೇಯಿನಿ ಬಟ್ಟೆ ಸುತ್ತಿ ಗಂಟು ಹಾಕಿದಳು. ಇನ್ನೊಂದು ಗಂಟು ಹಾಕಿದಳು. "ಹಾಗಾದ್ರೆ ಎಲ್ಲಾನೂ ತಗೊಂಡುಬಿಡಿ," ಎಂದಳು.

ಅತ್ತೆ ಅವಳ ಮುಖ ನೋಡಿದರು. ಆಮೇಲೆ ಭುಜ ಕುಲುಕಿಸಿ ನಕ್ಕರು. ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ನಾನೂ ನಗುತ್ತೇನೆ, ನಿನಗೆ ಗೊತ್ತು.

ಮದುವೆಯ ಊಟಕ್ಕೆ ನಮ್ಮ ತಮ್ಮ ಹನ್ನೆರಡು ಹಂದಿ ಸುಟ್ಟಿದ್ದ. ಅವನ ಮಗಳನ್ನು ತಂದುಕೊಂಡ ಬೀಗರು ಸಿಪಿಯನ್ನು ಪೆಟ್ಟಿಗೆಗಟ್ಟಲೆ ತಂದಿದ್ದರು. ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಅತ್ತೆ ಕೋಲೂರಿ ಎದ್ದು ನಿಂತರು.

"ಈ ಸಿಪಿ ನನ್ನದು," ಎಂದರು. ಎಲ್ಲರೂ ತಲೆದೂಗಿದರು. ಫಹು ಹೆಚ್ಚು ಕೇಳಿದಷ್ಟೂ ಮನೆತನಕ್ಕೆ ಹೆಮ್ಮೆ.

"ಆ ಸಾಲಿಂದೂ ನನ್ನದು. ಅದರಾಚೆದೂ ನನ್ನದು. ಪಾದ್ರಿಗಳೇ, ನಿಮ್ಮ ಕೈಲಿರೋದೂ ನನ್ನದೇ."

ಪಾದ್ರಿಗಳ ಮೂರನೆಯ ತುಂಡು ಬಾಯಿಗೂ ಎಲೆಗೂ ನಡುವೆ ನಿಂತಿತು. ಬಾಲ್ಯದಿಂದ ಧರ್ಮವನ್ನೂ ಸಂಪ್ರದಾಯವನ್ನೂ ಒಟ್ಟಿಗೆ ಪಾಲಿಸಿದ ಮನುಷ್ಯ, ಅಂಥ ಕಷ್ಟದ ಗಳಿಗೆಯನ್ನು ಎಂದೂ ಕಂಡಿರಲಾರರು. ಕೊನೆಗೆ ಕೆಳಗಿಟ್ಟರು. ಡಬ್ಬಿ ಮಾಂಸವೂ ಹೋಯಿತು. ಅಷ್ಟನ್ನೂ ಬುಟ್ಟಿಗಳಲ್ಲಿ ತುಂಬಿ ಅತ್ತೆಯ ಮುಂದೆ ಗುಡ್ಡ ಹಾಕಿದೆವು. ಇವರು ಇಷ್ಟನ್ನೂ ತಿನ್ನುತ್ತಾರೆಯೇ ಎಂದು ಬೀಗರು ಭಕ್ತಿಯಿಂದ ನೋಡುತ್ತಿದ್ದರು.

"ದೋಣಿಗೆ ಹಾಕ್ರಪ್ಪ," ಎಂದರು ಅತ್ತೆ. "ಬಂಡೆಸಾಲಿನಾಚೆ ಹೋಗಿ ಸುರೀರಿ. ದೊಡ್ಡ ಮೀನಿಗೆ ಗಾಳ ಹಾಕೋರು ಬೇಕಾದಷ್ಟು ಇಟ್ಕೊಳ್ಳಿ."

ಬೀಗಿತ್ತಿಯ ಮುಖ ಕಪ್ಪಿಟ್ಟಿತು. ಅತ್ತೆ ಅವಳ ಕೆನ್ನೆ ಸವರಿ, "ಎಷ್ಟು ಒಳ್ಳೇದು ತಂದಿದ್ದೀಯವ್ವ. ಅದಕ್ಕೇ ನಮ್ಮೋರು ಯಾರಿಗೂ ಕೊಡಲ್ಲ," ಎಂದರು. ಆ ತಾಯಿ ಅದಕ್ಕೆ ಏನು ಹೇಳಬೇಕು? ಕೃತಜ್ಞತೆ ಹೇಳಿದಳು. ಆಮೇಲೆ ಅತ್ತೆ ನಮ್ಮೆಲ್ಲರಿಗೂ ಕೇಳುವಂತೆ ನುಡಿದರು: ಇನ್ನು ಈ ಮನೆತನದ ಯಾವ ಊಟಕ್ಕೆ ಸಿಪಿ ಬಂದರೂ ಅದು ನನ್ನ ಪಾಲು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಉಳಿದದ್ದು ಹಂದಿ, ಗೆಣಸು, ಮೀನು, ಸೊಪ್ಪು. ಹಂದಿಯಲ್ಲಿ ಅವರು ತಮಗೆಂದು ತೆಗೆದುಕೊಂಡದ್ದು ಒಂದು ಕಿವಿ.

ನೈತೆ, ನಾನು ಜೀವನದಲ್ಲಿ ಬಹಳ ಭಾಷಣ ಕೇಳಿದ್ದೇನೆ, ಕೆಲವು ಮಾಡಿಯೂ ಇದ್ದೇನೆ. ರಾಜಧಾನಿಯಿಂದ ಬಂದ ಭಿತ್ತಿಪತ್ರಗಳನ್ನು ಮಂಡಿಯ ಗೋಡೆಗೆ ಅಂಟಿಸಿ ಅವುಗಳ ಕೆಳಗೇ ಕುಳಿತು ಸಿಪಿ ತಿಂದಿದ್ದೇನೆ. ಒಂದು ಊರಿನ ನಾಲಿಗೆಯನ್ನು ಕಾಲು ಗಂಟೆಯಲ್ಲಿ, ಯಾರ ಮನಸ್ಸನ್ನೂ ನೋಯಿಸದೆ ಕಟ್ಟಿಹಾಕಿದವರನ್ನು ನಾನು ಕಂಡದ್ದು ಇದೇ ಮೊದಲು. ಆಮೇಲೆ ಊರಿನ ಇನ್ನೂ ಮೂವರು ಫಹುಗಳು ತಂತಮ್ಮ ಮನೆತನದ ಸಿಪಿಯನ್ನು ಹೀಗೇ ವಶಪಡಿಸಿಕೊಂಡಿದ್ದಾರೆ, ಲೋಸಾಗೆ ಇರುವ ಹಕ್ಕು ನಮಗಿಲ್ಲವೇ ಎಂಬ ಹಟದಿಂದ. ನಮ್ಮ ಲಿಫುಕಾ ದ್ವೀಪದ ಬಂಡೆಸಾಲಿನ ಮೀನುಗಳು ಮಾತ್ರ ಈಗ ಸೇಯಿನಿಯ ಪುಸ್ತಕಕ್ಕೆ ಸೇರುವ ಹಾಗೆ ಕಾಣುತ್ತವೆ.

ಶನಿವಾರ ಬೆಳಿಗ್ಗೆ ಮಂಡಿಯಲ್ಲಿ ಕೊಬ್ಬರಿಗಿಂತ ಮೊದಲು ಜನರನ್ನು ತೂಗುತ್ತೇನೆ. ಪಾದ್ರಿಗಳು ಬೈಬಲ್ಲನ್ನು ಕೆಳಗಿಟ್ಟು ಹತ್ತುತ್ತಾರೆ. ಸೇಯಿನಿ ಬರೆದುಕೊಳ್ಳುತ್ತಾಳೆ. ಯಾರದಾದರೂ ಅರ್ಧ ಕಿಲೋ ಇಳಿದರೆ ಆ ಒಣಕಲು ಮುಖದಲ್ಲಿ ಕಾಣುವ ಬೆಳಕನ್ನು ನೀನು ನೋಡಬೇಕು. ಸಭೆಯಲ್ಲಿ ನಾನು ಆಡಿದ ಮಾತಿಗೆ ಅವಳ ಕ್ಷಮೆ ಕೇಳಿದೆ. "ಆ ಮಾತಿಂದ ಎಲ್ಲರೂ ಕೊನೇವರೆಗೂ ಕೂತ್ರು ಬಿಡಿ," ಎಂದಳು. ಈ ಊರಿನ ನಿಜವಾದ ದೊಡ್ಡ ಮೈಯವಳು ಅವಳೇ ಎಂದು ನನಗೀಗ ಅನ್ನಿಸುತ್ತದೆ.

ಅತ್ತೆ ಇವತ್ತು ನೂರ ನಲವತ್ತು. ಹುಣ್ಣು ಅರ್ಧ ಆರಿದೆ ಎನ್ನುತ್ತಾಳೆ ಸೇಯಿನಿ, ಆದರೆ ನನ್ನ ಮುಖ ನೋಡದೆ ಹೇಳುತ್ತಾಳೆ. ಆರು ವಾರ ಮುಗಿಯಿತು. ಸೋಮವಾರದ ಹಡಗಿಗೆ ಅತ್ತೆಯನ್ನು ರಾಜಧಾನಿಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಕಾಗದವನ್ನು ಅಲ್ಲಿಂದಲೇ ಹಾಕುತ್ತೇನೆ.

ಕೂಸಿನ ಹಣೆಗೆ ತಾತನ ಮುತ್ತು. ಬಾಣಂತಿಗೆ ಸೊಪ್ಪು ಮೀನು ಹಾಕು. ದೇವರು ನಿಮ್ಮ ಮೂವರನ್ನೂ ತನ್ನ ಅಂಗೈಯಲ್ಲಿ ಇಟ್ಟುಕೊಂಡಿರಲಿ.

ನಿನ್ನ,
ಕೆಪುವೆಲಿ

ಮರೆತ ಮಾತು. ನೂಕುಅಲೋಫಾ ಆಸ್ಪತ್ರೆ, 18 ಜೂನ್, ಶುಕ್ರವಾರ.

ಕಾಲು ಉಳಿಯಲಿಲ್ಲ. ಬುಧವಾರ ತೆಗೆದರು, ಮೊಣಕಾಲಿನ ಕೆಳಗೆ. ಎಂಟು ತಿಂಗಳು ಮೊದಲೇ ಶುರುಮಾಡಿದ್ದರೆ ಉಳಿಯುತ್ತಿತ್ತು ಎಂದರು ವೈದ್ಯರು, ಯಾರನ್ನೂ ದೂರದೆ, ಸುಮ್ಮನೆ.

ಮರೆತಿರಲಿಲ್ಲ, ಬರೆಯಲಾಗಿರಲಿಲ್ಲ. ಕಳೆದ ವರ್ಷ ಬಂದಾಗ ಸೇಯಿನಿ ಎಲ್ಲರಿಗಿಂತ ಮೊದಲು ಬಂದದ್ದು ನನ್ನ ಹತ್ತಿರ. ಪ್ರತಿ ಭಾನುವಾರ ಚರ್ಚು ಮುಗಿಸಿ ನೀವು ಅತ್ತೆಗೆ ಒಯ್ಯುವ ಊಟದ ಬುಟ್ಟಿಯಲ್ಲಿ ಸಿಪಿಯನ್ನೂ ಡಬ್ಬಿ ಮಾಂಸವನ್ನೂ ಇಡಬೇಡಿ, ಅವರ ರಕ್ತದ ಸಕ್ಕರೆ ನೋಡಿದ್ದೇನೆ ಎಂದಳು. ತಮ್ಮನ ಮಗ ಅತ್ತೆಗೆ ಮೀನು ಸೊಪ್ಪು ಒಯ್ದರೆ ಊರು ಏನೆಂದುಕೊಂಡೀತು ಎಂದು ನಾನು ನಗೆಯಾಡಿ ಕಳಿಸಿದೆ. ನಿನಗೂ ಹೇಳಲಿಲ್ಲ. ಮೇ ತಿಂಗಳ ಆ ಮದುವೆಯವರೆಗೂ ಒಂದು ಭಾನುವಾರವನ್ನೂ ತಪ್ಪಿಸದೆ ಒಯ್ದೆ, ನೈತೆ, ಎಲ್ಲಕ್ಕಿಂತ ಕೊಬ್ಬಿದ್ದನ್ನೇ ಆರಿಸಿ.

ನಿನ್ನೆ ಅತ್ತೆಗೆ ಎಚ್ಚರವಾದಾಗ ಎಲ್ಲವನ್ನೂ ಹೇಳಿಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನರ್ಸಮ್ಮ ಆಗಲೇ ನಂಗೂ ಹೇಳಿದ್ಲು ಕಣೋ," ಎಂದರು. "ನೀನು ಬೆವತುಕೊಂಡು ಹೊತ್ಕೊಂಡು ಬರ್ತಿದ್ದೆ. ಹೇಗೋ ಬೇಡ ಅನ್ನಲಿ ನಿನಗೆ? ಊರಿಗೆ ಹೋದ್ಮೇಲೆ ಭಾನುವಾರ ಬರಿಗೈಲಿ ಬಾ. ಸುಮ್ನೆ ಕೂತು ಮಾತಾಡೋಣ."

ಅತ್ತೆಯ ಮನೆಗೆ ನಾನು ಎಂದೂ ಬರಿಗೈಲಿ ಹೋದವನಲ್ಲ. ಹೇಗೆ ಹೋಗುವುದೆಂದು ನೀನಾದರೂ ಬರೆ.